ತಾಕ್ ಅಮ್ಮನ ಗಿಟಾರಿಗೆ ಹೊಸ ಪಿಕಪ್

ಗಿಟಾರು ಗುಂಯ್‌ಗುಡುತ್ತದೆ ಎಂದು ಯಾರಾದರೂ ಎದುರಿಗೇ ಹೇಳಿದ್ದರೆ ಮಾಲ್‌ಸುನ್‌ಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಗುಂಯ್‌ಗುಡುತ್ತಿದ್ದದ್ದು ನಿಜ, ಅವಳಿಗೂ ಕಿವಿ ಇದೆ. ಆದರೆ ಚರ್ಚಿನ ಹಿರಿಯರ ಸಭೆ, ಅಂದರೆ ನಾಲ್ಕು ಜನ ಗಂಡಸರು ಮತ್ತು ಒಂದು ಕೆಟಲ್ ಬಾರ್ಲಿ ಚಹಾ, ಅವಳನ್ನು ಒಂದು ಮಾತೂ ಕೇಳದೆ ಅವಳ ಸ್ವಂತ ಗಿಟಾರಿನ ಪಿಕಪ್ ಬದಲಾಯಿಸಬೇಕೆಂದು ತೀರ್ಮಾನ ಮಾಡಿತು. ಮಾಡಿದ್ದಲ್ಲದೆ ಬುಧವಾರ ಸಂಜೆಯ ಪ್ರಾರ್ಥನೆ ಮುಗಿದಾಗ, ಕಾಯಿಲೆ ಬಿದ್ದವರ ಹೆಸರುಗಳನ್ನು ಓದಿದ ಬೆನ್ನಿಗೇ, ಅದನ್ನು ಮೈಕಿನಲ್ಲಿ ಓದಿ ಹೇಳಿತು. ಮಂಡಿಚಿಪ್ಪು ಸವೆದ ಒಬ್ಬ ಅಜ್ಜಿ, ಆಸ್ಪತ್ರೆಯಲ್ಲಿರುವ ಒಂದು ಕೂಸು, ಆಮೇಲೆ ತಾಕ್ ಮಾಲ್‌ಸುನ್ ಅವರ ಗಿಟಾರು.

ಓದಿದವರು ಬಾಂಗ್ ಹಿರಿಯರು. ಕೊರಿಯಾದ ಇಂಚಿಯಾನಿನ ಆ ಬೀದಿಯಲ್ಲಿ ಅವರದು ಬೋರ್ಡು ಮತ್ತು ದೀಪಗಳ ಅಂಗಡಿ. ಚರ್ಚಿರುವುದು ಎದುರಿನ ಕಟ್ಟಡದ ಮೂರನೇ ಅಂತಸ್ತಿನಲ್ಲಿ. ಕೆಳಗೆ ಕೋಳಿ ಕರಿಯುವ ಅಂಗಡಿ, ನಡುವೆ ಮಕ್ಕಳ ಟ್ಯೂಷನ್, ಮೇಲೆ ದೇವರು. ತಾರಸಿಯ ಮೇಲೆ ಹೊಸದಾಗಿ ಎದ್ದು ನಿಂತ, ರೈಲ್ವೆ ಸ್ಟೇಷನ್ನಿನವರೆಗೂ ಕಾಣುವ ಕೆಂಪು ದೀಪದ ಶಿಲುಬೆ ಬಾಂಗ್ ಹಿರಿಯರ ಕಾಣಿಕೆ. ಅದು ಎದ್ದ ಮೇಲೆ ಅವರ ಮಾತಿಗೆ ಎದುರಾಡುವವರು ಯಾರೂ ಇರಲಿಲ್ಲ.

ಪಿಕಪ್ ಎಂದರೆ ವಿದ್ಯುತ್ ಗಿಟಾರಿನ ಕಿವಿ. ತಂತಿಗಳ ಕೆಳಗೆ ಕೂತ ಪುಟ್ಟ ಅಯಸ್ಕಾಂತಗಳು, ಅವುಗಳ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿಯ ಸುರುಳಿ. ಮೇಲಿನ ತಂತಿ ನಡುಗಿದರೆ ಅದು ಕೇಳಿಸಿಕೊಂಡು ಆಂಪಿಗೆ ಹೇಳುತ್ತದೆ, ಆಂಪು ಊರಿಗೆ ಹೇಳುತ್ತದೆ. ಮಾಲ್‌ಸುನಳ ಗಿಟಾರಿನಲ್ಲಿದ್ದ ಮೂರೂ ಹಳೆಯ ಕಾಲದ ಒಂಟಿ ಸುರುಳಿಯವು. ಅವಕ್ಕೆ ಒಂದು ಚಾಳಿ. ತಂತಿಯ ಮಾತಿನ ಜೊತೆಗೆ ಅಕ್ಕಪಕ್ಕದ ಕರೆಂಟಿನ ಗೊಣಗಾಟವನ್ನೂ ಕೇಳಿಸಿಕೊಳ್ಳುತ್ತವೆ. ಎರಡು ಸುರುಳಿ ಜೋಡಿಸಿದ ಹೊಸ ಬಗೆಯವು ಆ ಗೊಣಗಾಟವನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಅದೇ ಬೇಕು ಎಂದಿದ್ದು ಸಭೆ.

ಚಪ್ಪಲಿ ಗೂಡಿನ ಹತ್ತಿರ ಅವಳು ಹಿರಿಯರನ್ನು ಹಿಡಿದು ನಿಲ್ಲಿಸಿದಳು.

“ಗಿಟಾರು ನಂದು ಹಿರಿಯರೇ. ಒಂದ್ ಮಾತು ನನ್ನ ಕೇಳಬಹುದಿತ್ತಲ್ಲ?”

“ಕೇಳೋದೇನ್ ಬಂತು ತಾಕ್ ಅಮ್ಮಾ? ಖರ್ಚು ಚರ್ಚಿಂದು, ಹೊಸ ಸಾಮಾನು ನಿಮಗೆ. ಎಲ್ಲರೂ ಕಣ್ ಮುಚ್ಕೊಂಡು ದೇವರ ಹತ್ರ ಮಾತಾಡೋ ಹೊತ್ತಲ್ಲಿ ಸೊಳ್ಳೆ ಥರ ಗುಂಯ್ ಅಂದ್ರೆ ಹೇಗೆ ಹೇಳಿ?”

“ಮೊದಲು ಅನ್ನುತ್ತಿರಲಿಲ್ಲ. ಈಚೆಗೆ ಶುರುವಾಗಿದೆ. ಯಾಕೆ ಅಂತ ನೋಡಬೇಕು.”

“ನೋಡೋದೇನಿದೆ? ವಯಸ್ಸಾಯ್ತು ಅದಕ್ಕೆ.” ಹಿರಿಯರು ಬೂಟಿನೊಳಕ್ಕೆ ಕಾಲು ತೂರಿಸುತ್ತಾ ದನಿ ತಗ್ಗಿಸಿದರು. “ಅಲ್ಲದೆ ಎಲ್ಲೆಲ್ಲಿ ಇದ್ದು ಬಂದ ಗಿಟಾರೋ ಏನೋ. ಕ್ಲಬ್ಬಿನ ಕೊಳೆ ಅಷ್ಟು ಬೇಗ ಬಿಡಲ್ಲ ನೋಡಿ.”

ಮಾಲ್‌ಸುನಳ ಮೈ ಕಾಲಿನಿಂದ ತಲೆಯವರೆಗೆ ಉರಿದುಹೋಯಿತು. ಹರೆಯದಲ್ಲಿ ಅವಳು ಪುಸಾನಿನ ಹೋಟೆಲೊಂದರ ಕ್ಲಬ್ಬಿನಲ್ಲಿ ನುಡಿಸುತ್ತಿದ್ದಳು. ಐದು ಜನ ಹುಡುಗಿಯರ ಬ್ಯಾಂಡು, ಎಲ್ಲರಿಗೂ ಒಂದೇ ಬಣ್ಣದ ಲಂಗ. ಕುಡಿದವರು ಕಿತ್ತಳೆ ಸಿಪ್ಪೆ ಎಸೆದರೂ ತಾಳ ತಪ್ಪದೆ ನುಡಿಸಿ, ಆ ದುಡಿಮೆಯಲ್ಲಿ ಕೊಂಡ ಗಿಟಾರು ಅದು. ಮದುವೆ, ಮಕ್ಕಳು, ಈಗ ಮಾರ್ಕೆಟ್ಟಿನಲ್ಲಿ ಅನ್ನಕ್ಕೆ ನೆಂಚಿಕೊಳ್ಳುವ ಪದಾರ್ಥಗಳ ಅಂಗಡಿ, ಇಷ್ಟೆಲ್ಲದರ ನಡುವೆ ಅವಳು ಅದನ್ನು ಮಾರಿರಲಿಲ್ಲ. ಅವಳ ಗಂಟಲು ಒಡಕಲು, ಹಾಡಿದರೆ ಪಕ್ಕದವರು ತಿರುಗಿ ನೋಡುತ್ತಾರೆ. ಅವಳು ದೇವರಿಗೆ ಏನಾದರೂ ಹೇಳುವುದಿದ್ದರೆ ಅದು ಆ ಗಿಟಾರಿನ ಮೂಲಕವೇ ಆಗಬೇಕು. ಆ ಮೂರು ಪಿಕಪ್ ಕಿತ್ತು ಬೇರೆಯವನ್ನು ಕೂರಿಸಿದರೆ ಉಳಿಯುವುದು ಮರ ಮಾತ್ರ. ಇದನ್ನೆಲ್ಲ ಬಾಂಗ್ ಹಿರಿಯರಿಗೆ ಹೇಳಿ ಏನು ಪ್ರಯೋಜನ? ಅವರು ಆಗಲೇ ಮೆಟ್ಟಿಲಿಳಿದಿದ್ದರು.

ಶನಿವಾರ ಸಿಯೋಲ್‌ನ ನಾಗ್ವನ್ ವಾದ್ಯಗಳ ಮಾರ್ಕೆಟ್ಟಿಗೆ ಹೋಗಿ ಪಿಕಪ್ ಆರಿಸಬೇಕೆಂದು ನಿಶ್ಚಯವಾಯಿತು. ಅವಳೊಬ್ಬಳೇ ಹೋದರೆ ಆದೀತೇ? ಜೊತೆಗೆ ಯಾಂಗ್‌ಹೋನನ್ನು ಕಳಿಸಿದರು. ಯಾಂಗ್‌ಹೋ ಬಾಂಗ್ ಹಿರಿಯರ ಅಳಿಯ, ಅವರ ಅಂಗಡಿಯಲ್ಲೇ ಕೆಲಸ, ಚರ್ಚಿನಲ್ಲಿ ಮೈಕು ಸ್ಪೀಕರುಗಳ ಉಸ್ತುವಾರಿ. ಒಳ್ಳೆಯವನು. ಆದರೆ ಮಾವನ ಹೆಸರು ಕೇಳಿದರೆ ಕೂತಲ್ಲೇ ನೆಟ್ಟಗಾಗುವ ಜಾತಿ. ಗಿಟಾರನ್ನು ಬೆನ್ನಿಗೇರಿಸಿಕೊಂಡು ರೈಲಿನಲ್ಲಿ ನಿಂತಿದ್ದ ಮಾಲ್‌ಸುನ್ ದಾರಿಯುದ್ದಕ್ಕೂ ಅವನೊಡನೆ ಒಂದು ಮಾತೂ ಆಡಲಿಲ್ಲ. ಅವನು ಎರಡು ಸಲ ಕೊಟ್ಟ ಪುದೀನ ಪೆಪ್ಪರಮಿಂಟನ್ನು ಮಾತ್ರ ತಿಂದಳು.

ಅಂಗಡಿಯವನು ಕೂದಲು ಕಟ್ಟಿಕೊಂಡಿದ್ದ ನಡುವಯಸ್ಸಿನವ. ಗಿಟಾರು ಅವಳ ಬೆನ್ನ ಮೇಲಿದ್ದದ್ದನ್ನು ಕಣ್ಣಾರೆ ಕಂಡೂ ಯಾಂಗ್‌ಹೋನ ಕಡೆಗೇ ತಿರುಗಿದ.

“ಬನ್ನಿ ಸಾರ್. ಯಾವ ಥರದ ಮ್ಯೂಸಿಕ್ ನುಡಿಸ್ತೀರಿ?”

“ನಾನಲ್ಲ, ಇವರು.”

“ಓಹ್.” ಅವನು ಅವಳ ಗುಂಗುರು ಮಾಡಿಸಿದ ಕೂದಲನ್ನೂ, ತೋಳಿನ ಮೇಲಿದ್ದ ಅಡುಗೆಯ ಸುಟ್ಟ ಕಲೆಯನ್ನೂ ನೋಡಿದ. “ಮಗನದಾ ಅಮ್ಮಾ ಗಿಟಾರು? ಅಥವಾ ಈಗ ಕಲಿಯೋಕೆ ಶುರು ಮಾಡಿದ್ರಾ? ಹವ್ಯಾಸ ಇಟ್ಕೊಳ್ಳೋದು ಒಳ್ಳೇದು ಬಿಡಿ, ಮರೆವಿನ ಕಾಯಿಲೆ ಬರಲ್ಲವಂತೆ.”

ಮಾಲ್‌ಸುನ್ ಗಿಟಾರನ್ನು ಬೆನ್ನಿನಿಂದ ಇಳಿಸಿದಳು. ಚೀಲದ ಜಿಪ್ಪು ಎಳೆದು, ವೈರು ಸಿಕ್ಕಿಸಿ, ಅಂಗಡಿಯ ಆಂಪಿನ ಗುಂಡಿ ತಿರುಗಿಸಿ, ಆ ಕಾಲದಲ್ಲಿ ಕ್ಲಬ್ಬು ತೆರೆಯುವ ಹೊತ್ತಿಗೆ ನುಡಿಸುತ್ತಿದ್ದ ಒಂದು ಓಡುನಡೆಯ ತುಣುಕನ್ನು ಬಿಟ್ಟಳು. ಎದುರು ಅಂಗಡಿಯಿಂದ ಇಬ್ಬರು ಹೊರಬಂದು ನಿಂತರು. ಮೂಲಂಗಿ ಕಚ್ಚಿದಂತೆ ಗರಿಗರಿಯಾದ ಸದ್ದು ಅದು, ಕೊನೆಗೆ ಸ್ವಲ್ಪ ಖಾರ.

“ಮರೆತಿಲ್ಲ ಅಂತ ಕಾಣುತ್ತೆ,” ಎಂದಳು.

ಅಂಗಡಿಯವನು ನಾಲಿಗೆ ಕಚ್ಚಿಕೊಂಡ. ಆಮೇಲೆ ಮರ್ಯಾದೆಯಿಂದಲೇ ಸದ್ದು ಮಾಡದ ಬಗೆಯ ಪಿಕಪ್ ಹಾಕಿದ ಮೂರು ಗಿಟಾರುಗಳನ್ನು ಒಂದೊಂದಾಗಿ ತೆಗೆದುಕೊಟ್ಟ. ಮೊದಲನೆಯದನ್ನು ಅವಳು ಹತ್ತು ಸ್ವರ ನುಡಿಸಿ ವಾಪಸು ಕೊಟ್ಟಳು. ಮಕ್ಕಳಿಗೆ ಖಾರವಾಗದಿರಲೆಂದು ನೀರಿನಲ್ಲಿ ತೊಳೆದುಕೊಡುವ ಕಿಮ್ಚಿ ಉಪ್ಪಿನಕಾಯಿಯಂತಿತ್ತು. ಎರಡನೆಯದು ಮದುವೆಮನೆಯಲ್ಲಿ ಕುಡಿದ ಚಿಕ್ಕಪ್ಪನ ಹಾಗೆ ಏನು ಹೇಳಿದರೂ ಕೂಗಿಯೇ ಹೇಳುತ್ತಿತ್ತು. ಮೂರನೆಯದನ್ನು ಮಾತ್ರ ತುಸು ಹೊತ್ತು ಹಿಡಿದುಕೊಂಡಳು.

“ಇದು ಆಗುತ್ತಲ್ವಾ ಅಮ್ಮಾ?” ಯಾಂಗ್‌ಹೋ ಆಸೆಯಿಂದ ಕೇಳಿದ.

“ಕಾರ್ಖಾನೆಯ ಪ್ಯಾಕೆಟ್ ಕಿಮ್ಚಿ ತಿಂದಿದೀಯಾ? ಉಪ್ಪು ಸರಿ, ಖಾರ ಸರಿ, ಬೆಳ್ಳುಳ್ಳಿ ಸರಿ. ಆದರೆ ಯಾರ ಕೈರುಚಿ ಅಂತ ಕೇಳಿದ್ರೆ ಯಾರದೂ ಇಲ್ಲ. ಇದೂ ಹಾಗೇ.”

ತನ್ನ ಗಿಟಾರನ್ನೇ ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು. ತಂತಿಗಳ ಮೇಲೆ ಅಂಗೈ ಇಟ್ಟು ಸುಮ್ಮನೆ ಕೂತಳು. ಕೂತವಳಿಗೆ ಥಟ್ಟನೆ ಹೊಳೆಯಿತು.

“ಯಾಂಗ್‌ಹೋ, ಕೇಳಿಸ್ತಾ?”

“ಏನು? ಏನೂ ಕೇಳಿಸ್ತಿಲ್ಲವಲ್ಲ.”

“ಅದೇ ಕಣಯ್ಯಾ! ಆಂಪು ಆನ್ ಆಗಿದೆ. ಈ ಕಟ್ಟಡದ ತುಂಬಾ ಆಂಪು, ಟ್ಯೂಬ್‌ಲೈಟು, ಲಿಫ್ಟು. ಗುಂಯ್ ಅನ್ನೋದಿದ್ರೆ ಇಲ್ಲಿ ಅನ್ನಬೇಕಿತ್ತು. ಸಣ್ಣಗೆ ಉಸಿರು ಬಿಟ್ಟಷ್ಟೂ ಇಲ್ಲ. ಕಾಯಿಲೆ ಗಿಟಾರಿಗಲ್ಲ, ನಿಮ್ಮ ಚರ್ಚಿಗೆ.”

ಯಾಂಗ್‌ಹೋ ಕಿವಿಯನ್ನು ಆಂಪಿಗೆ ಹಚ್ಚಿ ಕೇಳಿದ. ಕೇಳಿ ಒಪ್ಪಿದ. ಒಪ್ಪಿ, ಜೇಬಿನಿಂದ ಚರ್ಚಿನ ಬಿಳಿ ಲಕೋಟೆ ತೆಗೆದ.

“ಆದರೂ ತಗೊಂಡುಬಿಡೋಣ ಅಮ್ಮಾ.”

“ಯಾಕೆ?”

“ತನ್ನಿ ಅಂದಿದ್ದಾರಲ್ಲ. ಬರಿಗೈಲಿ ಹೋದ್ರೆ ಮಾವ ಏನಂತಾರೆ?”

“ಹಲ್ಲು ಸರಿಯಿದೆ ಅಂತ ಡಾಕ್ಟ್ರು ಹೇಳಿದ ಮೇಲೂ ದುಡ್ಡು ತಂದಿದೀನಿ ಅಂತ ಹಲ್ಲು ಕೀಳಿಸ್ಕೋತೀಯೇನಯ್ಯಾ?”

ಅವನು ಲಕೋಟೆಯ ದುಡ್ಡು ಎಣಿಸಿದ. ಅಂಗಡಿಯವನು ಯಾವುದು ಕೊಡಲಿ ಎಂದು ಕೇಳಿದ. ಅವಳು ಮುಖ ತಿರುಗಿಸಿದಳು. ಹೀಗಾಗಿ ಮಾಲ್‌ಸುನಳ ಗಿಟಾರಿಗೆ ಪಿಕಪ್ ಆರಿಸಿದ್ದು, ಜನ್ಮದಲ್ಲಿ ಗಿಟಾರು ಮುಟ್ಟದ ಯಾಂಗ್‌ಹೋ. “ಆ ಬಂಗಾರದ ಅಕ್ಷರದ ಡಬ್ಬಿ ಇದೆಯಲ್ಲ, ಅದು ಕೊಡಿ,” ಎಂದ. “ಮಾವನಿಗೆ ನೋಡೋಕೆ ಚೆನ್ನಾಗಿರುತ್ತೆ.”

ಇಂಚಿಯಾನಿಗೆ ಮರಳಿದಾಗ ಇನ್ನೂ ಬೆಳಕಿತ್ತು. ಮನೆಗೆ ಹೋಗುವ ಬದಲು ಅವಳು ಅವನನ್ನು ಸೀದಾ ಚರ್ಚಿಗೆ ನಡೆಸಿಕೊಂಡು ಹೋದಳು. ಬೀಗದ ಕೈ ಅವನ ಹತ್ತಿರವೇ ಇತ್ತು. ಅಡುಗೆಮನೆಯಲ್ಲಿ ಮರುದಿನದ ಭಾನುವಾರದ ಊಟಕ್ಕೆಂದು ಇಬ್ಬರು ಹೆಂಗಸರು ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದರು. ಮಾಲ್‌ಸುನ್ ವೇದಿಕೆ ಹತ್ತಿ, ಪ್ರತಿ ಬುಧವಾರ ಕೂರುವ ಕುರ್ಚಿಯಲ್ಲೇ ಕೂತು ಆಂಪು ಆನ್ ಮಾಡಿದಳು.

ಸದ್ದಿಲ್ಲ.

ಅವಳಿಗೇ ಪೆಚ್ಚಾಯಿತು. ಇಲ್ಲೂ ಇಲ್ಲ, ಅಲ್ಲೂ ಇಲ್ಲ ಎಂದರೆ ಇಷ್ಟು ದಿನ ಕೇಳಿದ್ದೇನು? ಒಂದು ಹಾಡು ನುಡಿಸಿದಳು, ಎರಡು ನುಡಿಸಿದಳು. ಬೆಳ್ಳುಳ್ಳಿಯ ಹೆಂಗಸರು ಬಾಗಿಲಿಗೆ ಬಂದು ತಲೆದೂಗಿದರು. ಹೊರಗೆ ಕತ್ತಲು ಇಳಿಯುತ್ತಿತ್ತು. ಮೂರನೆಯ ಹಾಡಿನ ನಡುವೆ ಎದುರು ಕಟ್ಟಡದ ಕಿಟಕಿಗಳೆಲ್ಲ ಒಮ್ಮೆಗೇ ಕೆಂಪಾದವು, ಮತ್ತು ಅದೇ ಗಳಿಗೆಗೆ ಆಂಪು ಗುಂಯ್ ಎಂದಿತು.

ಮಾಲ್‌ಸುನ್ ಕೈ ನಿಲ್ಲಿಸಿದಳು. ಗುಂಯ್ ನಿಲ್ಲಲಿಲ್ಲ.

“ಯಾಂಗ್‌ಹೋ, ಈಗ ಏನು ಹೊತ್ತಿಕೊಂಡಿದ್ದು?”

“ಶಿಲುಬೆ,” ಎಂದ ಅವನು, ಸಣ್ಣ ದನಿಯಲ್ಲಿ. “ಕತ್ತಲಾದ್ರೆ ತಾನೇ ಹೊತ್ತಿಕೊಳ್ಳುತ್ತೆ.”

ಅವಳು ಗಿಟಾರು ಹಿಡಿದೇ ಎದ್ದಳು. ಬಾಗಿಲ ಕಡೆ ಹೋದರೆ ಸದ್ದು ತಗ್ಗಿತು, ಬೋಧನೆಯ ಪೀಠದ ಕಡೆ ಬಂದರೆ ಏರಿತು. ಪೀಠದ ಪಕ್ಕದಲ್ಲಿ ಬಾಗಿದಾಗ ಕಿವಿ ಮುಚ್ಚಿಕೊಳ್ಳುವಷ್ಟಾಯಿತು. ಅಲ್ಲೇ ನಿಂತು ಮೈಯನ್ನು ಅಡ್ಡಕ್ಕೆ ತಿರುಗಿಸಿದರೆ ಪೂರಾ ಮಾಯ, ಮತ್ತೆ ನೇರ ನಿಂತರೆ ಮತ್ತೆ ಹಾಜರು. ಒಂಟಿ ಸುರುಳಿಯ ಸ್ವಭಾವವೇ ಅದು, ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದರ ಮೇಲೆ ಅದರ ಕಿವಿ. ವೇದಿಕೆಯ ಹಲಗೆಯೊಂದನ್ನು ಅವಳು ಕಾಲಿನಿಂದ ತಟ್ಟಿದಳು.

“ಇದರ ಕೆಳಗೆ ಏನಿದೆ?”

“ಶಿಲುಬೆಗೆ ಕರೆಂಟು ಕೊಡೋ ಪೆಟ್ಟಿಗೆ.”

“ತಾರಸಿ ಮೇಲಿನ ಶಿಲುಬೆಗೆ ವೇದಿಕೆ ಕೆಳಗೆ ಪೆಟ್ಟಿಗೇನಾ?”

“ಮೇಲೆ ಮಳೆ ಬೀಳುತ್ತೆ. ಮಳೆಗೆ ತಡೆಯೋಂಥದ್ದು ಬೇರೆ ಬರುತ್ತೆ. ಮಾವ ಅಂಗಡೀಲಿ ಇದ್ದ ಹಳೇದನ್ನೇ ಹಾಕು ಅಂದ್ರು.” ಅವನು ಉಗುಳು ನುಂಗಿದ. “ನಾನೇ ಕೂರಿಸಿದ್ದು.”

“ಆರಿಸು.”

“ಅಮ್ಮಾ, ಶಿಲುಬೆ ಆರಿಸೋದು...”

“ಆರಿಸಯ್ಯಾ ಅಂದೆ!”

ಗೋಡೆಯ ಗುಂಡಿ ಚಟ್ ಎಂದಿತು. ಎದುರಿನ ಕಿಟಕಿಗಳು ಕಪ್ಪಾದವು. ಗಿಟಾರು ಮಗುವಿನಂತೆ ಸುಮ್ಮನಾಯಿತು. ಅವಳು ಮತ್ತೆ ಹಚ್ಚಿಸಿದಳು, ಗುಂಯ್. ಆರಿಸಿದಳು, ಇಲ್ಲ. ಹಚ್ಚಿಸಿದಳು, ಗುಂಯ್. ಬೆಳ್ಳುಳ್ಳಿಯ ಹೆಂಗಸರಲ್ಲಿ ಒಬ್ಬಾಕೆ ಚಪ್ಪಾಳೆ ತಟ್ಟಿ, “ಅಯ್ಯೋ, ಇಷ್ಟೇನಾ!” ಎಂದು ನಕ್ಕಳು. ಮಾಲ್‌ಸುನ್‌ಗೂ ನಗು ಬಂತು. ಬುಧವಾರದಿಂದ ಎದೆಯಲ್ಲಿ ಕೂತಿದ್ದ ಕಲ್ಲು ಇಳಿದಂತಾಯಿತು.

ಆದರೆ ಹೊತ್ತಿ ಆರುವ ಶಿಲುಬೆಯನ್ನು ಬೀದಿಯೆಲ್ಲ ನೋಡುತ್ತಿತ್ತು. ಮೊದಲು ಕೆಳಗಿನ ಕೋಳಿ ಅಂಗಡಿಯವನು ಏಪ್ರನ್ನಿನಲ್ಲೇ ಓಡಿಬಂದು, ಚರ್ಚು ಮುಚ್ಚಿದಿರಾ ಎಂದ. ಹಿಂದಿನ ಕೋಣೆಯಿಂದ ಜಿನ್ ಪಾಸ್ಟರ್ ಮನೆಯ ಚಪ್ಪಲಿಯಲ್ಲೇ ಬಂದರು. ಕೊನೆಗೆ ಏದುಸಿರು ಬಿಡುತ್ತಾ ಬಾಂಗ್ ಹಿರಿಯರು.

“ಯಾರು ಆರಿಸಿದ್ದು? ಶಿಲುಬೆ ಆರಿಸೋ ಧೈರ್ಯ ಯಾರಿಗೆ ಬಂತು?”

ಮಾಲ್‌ಸುನ್ ಸಮಾಧಾನದಿಂದಲೇ ತೋರಿಸಿಕೊಟ್ಟಳು. ಹಚ್ಚಿ, ಆರಿಸಿ, ಹಚ್ಚಿ. ಪೆಟ್ಟಿಗೆಯನ್ನು ತಾರಸಿಗೆ ಸಾಗಿಸಿದರೆ ಮುಗಿಯಿತು, ಯಾರ ತಪ್ಪೂ ಅಲ್ಲ ಎಂದೂ ಹೇಳಿದಳು. ಆ ಕೊನೆಯ ಮಾತನ್ನು ಹೇಳಲು ಅವಳಿಗೆ ಎಷ್ಟು ಕಷ್ಟವಾಯಿತು ಎಂಬುದು ಅವಳಿಗೇ ಗೊತ್ತು. ಪಾಸ್ಟರ್ ತಲೆಯಾಡಿಸುತ್ತಿದ್ದರು. ಯಾಂಗ್‌ಹೋ ಗೋಡೆಗೆ ಅಂಟಿಕೊಂಡಿದ್ದ. ಬಾಂಗ್ ಹಿರಿಯರ ಮುಖ ಕೆಂಪಾಯಿತು, ಆಮೇಲೆ ಬೆಳ್ಳಗಾಯಿತು, ಆಮೇಲೆ ಅದರ ಮೇಲೆ ಒಂದು ವಿಚಿತ್ರ ಶಾಂತಿ ಬಂದು ಕೂತಿತು.

“ಹಾಗಾದ್ರೆ ನೀವೇ ತೋರಿಸಿಕೊಟ್ಟಿರಲ್ಲ ತಾಕ್ ಅಮ್ಮಾ,” ಎಂದರು. “ಪಿಯಾನೋ ಕಿರುಚಲ್ಲ. ಡ್ರಮ್ಮು ಕಿರುಚಲ್ಲ. ಮೈಕೂ ಕಿರುಚಲ್ಲ. ಶಿಲುಬೆ ಹೊತ್ತಿದ ಕೂಡಲೇ ಕಿರುಚೋದು ನಿಮ್ಮ ಗಿಟಾರು ಒಂದೇ. ಶಿಲುಬೆ ಕಂಡ್ರೆ ಕಿರುಚೋದು ಎಂಥದ್ದು ಅಂತ ಬೈಬಲ್ ಓದಿದೋರಿಗೆ ನಾನು ಹೇಳಬೇಕಾ?”

ಮಾಲ್‌ಸುನ್ ನಗುತ್ತಾರೆಂದು ಕಾದಳು. ಯಾರೂ ನಗಲಿಲ್ಲ. ಚಪ್ಪಾಳೆ ತಟ್ಟಿದ್ದ ಹೆಂಗಸು ಬೆಳ್ಳುಳ್ಳಿಯ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿದಳು. ಆ ಒಂದು ಹೆಜ್ಜೆಯನ್ನು ಮಾಲ್‌ಸುನ್ ಸಾಯುವವರೆಗೂ ಮರೆಯುವುದಿಲ್ಲ.

“ನಿಮ್ಮ ಅಂಗಡಿ ರೇಡಿಯೋ ತಂದು ಇಲ್ಲಿಡಿ, ಅದೂ ಕಿರುಚುತ್ತೆ! ಅದಕ್ಕೂ ದೆವ್ವಾನಾ?”

“ನನ್ನ ರೇಡಿಯೋ ಕ್ಲಬ್ಬಲ್ಲಿ ಕುಣಿದಿಲ್ಲಮ್ಮಾ.”

“ಪಾಸ್ಟರೇ, ನೀವಾದ್ರೂ ಹೇಳಿ!”

ಪಾಸ್ಟರ್ ಎರಡೂ ಕೈ ಮೇಲೆತ್ತಿ, ಪ್ರೀತಿಯಿಂದ, ಸಹನೆಯಿಂದ, ಪ್ರಾರ್ಥನೆಯಿಂದ ಎಂದು ಏನೋ ಹೇಳಿದರು. ಅದರಲ್ಲಿ ಹೌದೂ ಇರಲಿಲ್ಲ, ಅಲ್ಲವೂ ಇರಲಿಲ್ಲ. ಬಾಂಗ್ ಹಿರಿಯರು ಅಲ್ಲೇ ತೀರ್ಪು ಕೊಟ್ಟರು. ಬುಧವಾರದೊಳಗೆ ಹೊಸ ಪಿಕಪ್ ಕೂರಬೇಕು. ಅಲ್ಲಿಯವರೆಗೆ ಹಿರಿಯರು ನಾಲ್ವರೂ ಮಧ್ಯಾಹ್ನದ ಊಟ ಬಿಟ್ಟು ಆ ಗಿಟಾರಿಗಾಗಿ ಉಪವಾಸ ಪ್ರಾರ್ಥನೆ ಮಾಡುತ್ತಾರೆ.

ಗಿಟಾರಿಗಾಗಿ ಉಪವಾಸ! ಮಾಲ್‌ಸುನ್ ಆ ವಾರವೆಲ್ಲ ಮೂಲಂಗಿ ಕತ್ತರಿಸಿದ ಸದ್ದು ಮೂರು ಅಂಗಡಿಯಾಚೆಗೂ ಕೇಳುತ್ತಿತ್ತು. ಮಾತು ಮಾರ್ಕೆಟ್ಟಿಗೂ ಬಂದಿತ್ತು. ತಪ್ಪದೆ ಅವಳ ಹತ್ತಿರವೇ ತಾವರೆ ಬೇರಿನ ಪಲ್ಯ ಒಯ್ಯುತ್ತಿದ್ದ ಚರ್ಚಿನ ಹೆಂಗಸು ಡಬ್ಬಿಯನ್ನು ಕೈಗೆತ್ತಿಕೊಂಡು, ಅವಳ ಬೆರಳುಗಳನ್ನೇ ನೋಡಿ, “ಇವತ್ತು ಬೇಡ ಅಕ್ಕ, ಮನೇಲಿದೆ,” ಎಂದು ಇಟ್ಟುಹೋದಳು. ಇಷ್ಟು ವರ್ಷ ಈ ಬೆರಳು ಉಪ್ಪು ಹಾಕಿದ್ದನ್ನು ತಿಂದು ಬೆಳೆದವರು! ಮನೆಗೆ ಹೋಗಿ ಗಿಟಾರನ್ನು ತೆಗೆದು ನೋಡಿದಳು. ಯಾಂಗ್‌ಹೋ ತಂದುಕೊಟ್ಟಿದ್ದ ಬಂಗಾರದ ಅಕ್ಷರದ ಡಬ್ಬಿಯನ್ನೂ ನೋಡಿದಳು. ತಿರುಪು ಬಿಚ್ಚಿ ಇದನ್ನು ಕಿತ್ತು ಅದನ್ನು ಕೂರಿಸಿದರೆ ನಾಳೆಯಿಂದ ಎಲ್ಲರೂ ಮಾತಾಡಿಸುತ್ತಾರೆ. ಆದರೆ ಕಿತ್ತರೆ, ಹೌದು, ಒಳಗೆ ಏನೋ ಇತ್ತು, ತೆಗೆದೆ ಎಂದು ಅವಳೇ ಒಪ್ಪಿಕೊಂಡಂತೆ. ಡಬ್ಬಿಯ ಅಂಟು ಪಟ್ಟಿಯನ್ನೂ ಅವಳು ಬಿಡಿಸಲಿಲ್ಲ.

ಮಂಗಳವಾರ ಜಿನ್ ಪಾಸ್ಟರ್ ಅಂಗಡಿಗೆ ಬಂದು, ಬೇಡದಿದ್ದರೂ ಒಣಮೀನಿನ ಹುರಿದ ಪಲ್ಯ ಕಟ್ಟಿಸಿಕೊಂಡರು.

“ಅಮ್ಮಾ, ನನಗೆ ಗೊತ್ತು. ಪೆಟ್ಟಿಗೆ ತಪ್ಪು ಅಂತ ನನಗೂ ಗೊತ್ತು.”

“ಹಾಗಾದ್ರೆ ಹೇಳಿ. ಮೈಕಲ್ಲಿ ಹೇಳಿ. ನನ್ನ ಹೆಸರು ಮೈಕಲ್ಲಿ ಓದಿದ್ರಲ್ಲ.”

“ಹಿರಿಯರ ಮುಖಕ್ಕೆ ಹೊಡೆದಂತಾಗುತ್ತೆ. ಚರ್ಚು ಒಡೀಬಾರದು ನೋಡಿ. ಬುಧವಾರ ಒಂದ್ ದಿನ ಹೇಗಾದ್ರೂ ಗಿಟಾರು ಸುಮ್ಮನಿದ್ರೆ ಸಾಕು. ಆಮೇಲೆ ನಾನು ಮೆತ್ತಗೆ ಅವರಿಗೆ ಹೇಳಿ ಪೆಟ್ಟಿಗೆ ಸಾಗಿಸ್ತೀನಿ. ದಮ್ಮಯ್ಯ.”

ಅವಳು ಚಾಕು ಒರೆಸಿ ಹಲಗೆಯ ಮೇಲಿಟ್ಟಳು. ಅವರು ಒಳ್ಳೆಯವರು, ಹೆದರುಪುಕ್ಕಲರು. ಹೆದರುಪುಕ್ಕಲರಾದ ಒಳ್ಳೆಯವರ ಮೇಲೆ ಸಿಟ್ಟು ಮಾಡುವುದು ಎಷ್ಟು ಕಷ್ಟ!

“ಸುಮ್ಮನಿರುತ್ತೆ,” ಎಂದಳು. “ಹೇಗೆ ಅಂತ ಕೇಳಬೇಡಿ. ಪಿಕಪ್ ಮಾತ್ರ ಬದಲಾಯಿಸಲ್ಲ.”

ಬುಧವಾರ ಸಂಜೆ ಎಂದಿಗಿಂತ ಹೆಚ್ಚು ಜನ. ದೆವ್ವ ಬಿಡಿಸುವುದನ್ನು ನೋಡಲು ಯಾರು ಬರುವುದಿಲ್ಲ? ಮಾಲ್‌ಸುನ್ ಒಳಗೆ ಬಂದವಳೇ ಅಂಟು ಪಟ್ಟಿ ಬಿಡಿಸದ ಡಬ್ಬಿಯನ್ನು ಎಲ್ಲರಿಗೂ ಕಾಣುವ ಹಾಗೆ ಯಾಂಗ್‌ಹೋನ ಮಡಿಲಲ್ಲಿ ಇಟ್ಟಳು. ಆಮೇಲೆ ವೇದಿಕೆ ಹತ್ತಿ ತನ್ನ ಕುರ್ಚಿಯನ್ನು ಪಕ್ಕದ ಗೋಡೆಯ ಕಡೆಗೆ ಅಡ್ಡಕ್ಕೆ ತಿರುಗಿಸಿ, ಮುಂದಿನ ಸಾಲಿನ ಆಚೆ ತುದಿಯಲ್ಲಿ ಕೂತ ನಾಲ್ವರು ಹಿರಿಯರಿಗೆ ಬೆನ್ನು ಹಾಕಿ ಕೂತಳು. ಹಿಂದೆ ಪಿಸುಪಿಸು ಎದ್ದಿತು. ಹಿರಿಯರಿಗೆ ಬೆನ್ನು ತೋರಿಸುವುದೆಂದರೇನು! ಪಾಸ್ಟರ್ ಕೆಮ್ಮಿದರು. ಆದರೆ ಆ ದಿಕ್ಕಿಗೆ ಕೂತರೆ ಪಿಕಪ್‌ಗೆ ಪೆಟ್ಟಿಗೆಯ ಗೊಣಗಾಟ ಕೇಳಿಸುತ್ತಿರಲಿಲ್ಲ. ಆಂಪು ಆನ್ ಆಗಿತ್ತು, ಎದುರಿನ ಕಿಟಕಿಗಳು ಕೆಂಪಾಗಿದ್ದವು, ಸದ್ದಿರಲಿಲ್ಲ.

ಅವಳು ಗೋಡೆಗೆ ಮುಖ ಮಾಡಿಯೇ ಹಾಡುಗಳಿಗೆ ನುಡಿಸಿದಳು. ಮೌನ ಪ್ರಾರ್ಥನೆಯ ಹೊತ್ತು ಬಂತು. ಎಲ್ಲರೂ ಕಣ್ಣು ಮುಚ್ಚಿದರು. ಸೂಜಿ ಬಿದ್ದರೆ ಕೇಳುವಷ್ಟು ಮೌನ. ಗೋಡೆಯ ಬಿರುಕನ್ನು ನೋಡುತ್ತಾ ಮಾಲ್‌ಸುನ್ ದೇವರಿಗೆ ಹೇಳಿದಳು: ಸರಿ, ಪಾಸ್ಟರಿಗೋಸ್ಕರ ನುಂಗಿಕೊಂಡೆ. ಇಲ್ಲಿಗೆ ಮುಗಿಯಲಿ.

ಮುಗಿಯುತ್ತಿತ್ತು. ಬಾಂಗ್ ಹಿರಿಯರು ಎದ್ದು ಮೈಕಿಗೆ ಬರದಿದ್ದರೆ ನಿಜವಾಗಿಯೂ ಅಲ್ಲಿಗೇ ಮುಗಿಯುತ್ತಿತ್ತು.

“ಪ್ರಿಯ ಸಭೆಯವರೇ, ಒಂದು ಸಾಕ್ಷಿ. ಡಬ್ಬಿ ನೋಡಿ, ಬಿಚ್ಚಿಲ್ಲ. ಹೊಸ ಪಿಕಪ್ ಹಾಕಿಲ್ಲ. ಶಿಲುಬೆ ಉರೀತಾ ಇದೆ. ಆದರೂ ಇವತ್ತು ಗಿಟಾರು ಕಿರುಚ್ತಾ ಇದೆಯಾ? ಇಲ್ಲ! ಯಾಕೆ? ನಾವು ನಾಲ್ವರು ಹೊಟ್ಟೆ ಕಟ್ಟಿ ಪ್ರಾರ್ಥನೆ ಮಾಡಿದ್ವಿ. ಅದರೊಳಗೆ ಇದ್ದದ್ದು ಬಿಟ್ಟುಹೋಯ್ತು. ತಾಕ್ ಅಮ್ಮನವರ ಹಳೇ ಜೀವನದ ಕೊಳೆಯೂ ಇವತ್ತು ತೊಳೆದುಹೋಯ್ತು ಅಂತ ನಂಬೋಣ!”

“ಆಮೆನ್,” ಎಂದಿತು ಸಭೆ. ಪಲ್ಯದ ಡಬ್ಬಿ ಇಟ್ಟುಹೋಗಿದ್ದ ಹೆಂಗಸು ಕಣ್ಣೊರೆಸಿಕೊಂಡಳು. ಪಾಸ್ಟರ್ ಕೂಡ, ಅಭ್ಯಾಸಬಲದಿಂದಲೋ ಏನೋ, ಆಮೆನ್ ಎಂದುಬಿಟ್ಟರು.

ಮಾಲ್‌ಸುನ್ ಎದ್ದು ನಿಂತಳು. ಕುರ್ಚಿಯ ಕಾಲುಗಳು ನೆಲವನ್ನು ಕೆರೆಯುವಂತೆ ಎಳೆದು, ಜನರ ಕಡೆಗೆ ತಿರುಗಿಸಿ, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲರ ಮುಖಕ್ಕೆ ಮುಖ ಕೊಟ್ಟು ಕೂತಳು.

ಗುಂಯ್.

“ಪ್ರಾರ್ಥನೆ ಸಾಲಲಿಲ್ಲ ಅಂತ ಕಾಣುತ್ತೆ ಹಿರಿಯರೇ,” ಎಂದಳು. “ಇನ್ನೊಂದೆರಡು ಊಟ ಬಿಡಿ.”

ಮೈಯನ್ನು ಗೋಡೆಯ ಕಡೆಗೆ ತಿರುಗಿಸಿದಳು, ಸದ್ದು ನಿಂತಿತು. ಜನರ ಕಡೆಗೆ ತಿರುಗಿಸಿದಳು, ಗುಂಯ್. ಮತ್ತೆ ಗೋಡೆಗೆ, ಮತ್ತೆ ಜನರಿಗೆ. “ದೆವ್ವ ಒಳಗೆ ಹೋಗಿ ಹೊರಗೆ ಬಂದು ಆಟ ಆಡ್ತಿದೆಯಾ? ಒಂಟಿ ಸುರುಳಿ ಅದು. ಈ ಕಡೆ ತಿರುಗಿದ್ರೆ ಈ ಹಲಗೆ ಕೆಳಗಿನ ಪೆಟ್ಟಿಗೆ ಕೇಳಿಸುತ್ತೆ, ಆ ಕಡೆ ತಿರುಗಿದ್ರೆ ಕೇಳಿಸಲ್ಲ. ನಿಮ್ಮ ಮರ್ಯಾದೆ ಉಳಿಸೋಕೆ ಅಂತ ಗೋಡೆ ನೋಡ್ಕೊಂಡು ಕೂತೆ. ಕ್ಲಬ್ಬಿನಲ್ಲಿ ಕುಡುಕರೂ ನನ್ನನ್ನ ಗೋಡೆಗೆ ಮುಖ ಮಾಡಿ ಕೂರಿಸಿರಲಿಲ್ಲ!”

ಅವಳು ಗಿಟಾರನ್ನು ನುಡಿಸಲಿಲ್ಲ, ಕೈಗಳನ್ನು ಅದರ ಮೇಲೆ ಸುಮ್ಮನೆ ಇಟ್ಟು ಕೂತಳು. ಗುಂಯ್ ಎಂಬುದು ಕೋಣೆಯ ತುಂಬಾ ತುಂಬಿತು. ಪಾಸ್ಟರ್ ಬೈಬಲ್ಲಿನ ಹಾಳೆಗಳನ್ನು ಸುಮ್ಮನೆ ತಿರುವುತ್ತಿದ್ದರು. ಯಾರೂ ಏಳಲಿಲ್ಲ, ಯಾರೂ ಆಮೆನ್ ಎನ್ನಲಿಲ್ಲ.

ಆಗ ಯಾಂಗ್‌ಹೋ ಎದ್ದ. ಬಂಗಾರದ ಅಕ್ಷರದ ಡಬ್ಬಿಯನ್ನು ಬೆಂಚಿನ ಮೇಲಿಟ್ಟು, ಮಾವನ ಮುಂದೆಯೇ ಹಾದು, ಗೋಡೆಯ ಗುಂಡಿಯ ಕಡೆಗೆ ನಡೆದ.

“ಯಾಂಗ್‌ಹೋ!” ಹಿರಿಯರು ಗದರಿದರು. “ಕೂತ್ಕೋ!”

ಅವನ ಕಿವಿಗಳು ಕೆಂಪಾಗಿದ್ದವು. ಅವನು ತಿರುಗಿ ನೋಡಲಿಲ್ಲ. “ಮಾವ, ಪೆಟ್ಟಿಗೆ ಕೂರಿಸಿದ್ದು ನಾನು,” ಎಂದ. “ಅಮ್ಮ ಹೇಳಿದ್ದೇ ಸರಿ. ನಾಗ್ವನ್ನಲ್ಲೇ ನನಗೆ ಗೊತ್ತಾಗಿತ್ತು.”

ಚಟ್ ಎಂದಿತು. ಎದುರಿನ ಕಿಟಕಿಗಳಿಂದ ಕೆಂಪು ಹೋಯಿತು, ಕೋಣೆಯಿಂದ ಗುಂಯ್ ಹೋಯಿತು. ಅವನು ಗುಂಡಿಯ ಮೇಲೆ ಕೈ ಇಟ್ಟುಕೊಂಡು ಅಲ್ಲೇ ನಿಂತ, ಯಾರಾದರೂ ಬಂದು ಮತ್ತೆ ಹಚ್ಚಿಯಾರೆಂಬಂತೆ.

ಮಾಲ್‌ಸುನ್ ಅಂಗೈಯಿಂದ ಕೆನ್ನೆ ಒರೆಸಿಕೊಂಡಳು. ಜನರಿಗೆ ಮುಖ ಮಾಡಿಯೇ ತಂತಿಗಳ ಮೇಲೆ ಬೆರಳಿಟ್ಟಳು.

“ಹೇಳಿ ಪಾಸ್ಟರೇ,” ಎಂದಳು. “ಮುಂದಿನದು ಎಷ್ಟನೇ ಹಾಡು?”